ಸೊಲ್ಲಾಪುರದ ಲೆಕ್ಕದಲ್ಲಿ ಜಪಾನು

ಜಪಾನಿನ ಐಚಿ ಪ್ರಾಂತ್ಯದ ನಿಶಿಯೊದಲ್ಲಿ ಹತ್ತಿಯ ನೆನಪಿಗೊಂದು ಗುಡಿಯಿದೆ. ಕ್ರಿ.ಶ. 799ರಲ್ಲಿ ಆ ದಡಕ್ಕೆ ತೇಲಿಬಂದ ಪರದೇಶಿ ಯುವಕನೊಬ್ಬನ ಬಳಿ ಹತ್ತಿಬೀಜವಿತ್ತು, ತಾನು ತೆಂಜಿಕುವಿನವನು ಎಂದು ಅವನು ಹೇಳಿಕೊಂಡ ಎಂದು ಅಲ್ಲಿನ ಹಳೆಯ ಅರಮನೆ ವೃತ್ತಾಂತ ಬರೆದಿಟ್ಟಿದೆ. ತೆಂಜಿಕು ಎಂದರೆ ಭಾರತ. ಆ ಬೆಳೆ ಅಲ್ಲಿ ನೆಲೆಯೂರಲಿಲ್ಲ. ಆದರೆ ಸಾವಿರದ ನೂರು ವರ್ಷಗಳ ಮೇಲೆ ಅದೇ ಹತ್ತಿ ಭಾರತದಿಂದ ಬೇಲು ಬೇಲಾಗಿ ಹಡಗು ಹತ್ತಿತು. ಇಂದು ಸೊಲ್ಲಾಪುರದಲ್ಲಿ ಜಪಾನಿನ ಮಾತು ಬಂದರೆ, ಜಪಾನಿನ ದಾಳಿಗೆ ಸಿಕ್ಕ ಚೀನಕ್ಕೆ ವೈದ್ಯರಾಗಿ ಹೋದ ಡಾ. ದ್ವಾರಕಾನಾಥ ಕೋಟ್ನೀಸರ ನೆನಪಾಗುತ್ತದೆ, ಅದೂ ಅವರು ಚೀನದ ಗೆಳೆಯರೆಂದು. ಈ ನೆನಪು ಸುಳ್ಳಲ್ಲ, ಅರ್ಧ. ಕೋಟ್ನೀಸರು ಹಡಗು ಹತ್ತುವ ಮೊದಲೇ ಈ ಸೀಮೆಗೂ ಜಪಾನಿಗೂ ಕೊಡುಕೊಳ್ಳುವ ಸಂಬಂಧವಿತ್ತು. ಆ ಲೆಕ್ಕದಲ್ಲಿ ಜಪಾನು ವೈರಿಯೂ ಹೌದು, ಗಿರಾಕಿಯೂ ಹೌದು.

ರೈಲು ಸೊಲ್ಲಾಪುರ ಮುಟ್ಟಿದ್ದು 1860ರಲ್ಲಿ. ಮುಂದೆ ಅದು ಅಕ್ಕಲಕೋಟೆ ಸಂಸ್ಥಾನದ ಸೀಮೆ ಹಾದು ರಾಯಚೂರಿಗೆ ಹೋಯಿತು. ಇಂದಿಗೂ ಜನ ‘ಜುನಿ ಮಿಲ್’ ಎನ್ನುವ ಸೊಲ್ಲಾಪುರ ನೂಲಿನ ಗಿರಣಿ 1877ರಲ್ಲಿ ಶುರುವಾಯಿತು. ಎರೆಭೂಮಿಯ ಗಿಡ್ಡ ಎಳೆಯ ಜವಾರಿ ಹತ್ತಿ ಮ್ಯಾಂಚೆಸ್ಟರಿನವರಿಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಒಸಾಕಾದ ಗಿರಣಿಯವರು ಅದನ್ನು ಅಮೆರಿಕದ ಉದ್ದೆಳೆಯ ಜೊತೆ ಹದವಾಗಿ ಬೆರೆಸಿ ನೂಲುವ ಕಸುಬು ಕಲಿತರು. 1893ರಲ್ಲಿ ಜೆಮ್ಷೆಡ್‌ಜಿ ಟಾಟಾ ಮತ್ತು ನಿಪ್ಪೊನ್ ಯೂಸೆನ್ ಕೈಶಾ ಕಂಪನಿ ಸೇರಿ ಮುಂಬಯಿಯಿಂದ ಜಪಾನಿಗೆ ಹಡಗು ಬಿಟ್ಟು, ಬ್ರಿಟಿಷ್ ಹಡಗು ಕಂಪನಿಗಳ ಬಾಡಿಗೆಯ ಬಿಗಿ ಮುರಿದವು. ಕ್ರಮೇಣ ಭಾರತದ ಹತ್ತಿಗೆ ಜಪಾನೇ ಎಲ್ಲರಿಗಿಂತ ದೊಡ್ಡ ಗಿರಾಕಿಯಾಯಿತು. ಆದರೆ ಹತ್ತಿಯಾಗಿ ಹೋದದ್ದು ಬಟ್ಟೆಯಾಗಿ ತಿರುಗಿ ಬಂತು. ಹಳ್ಳಿಯ ಹೆಣ್ಣುಮಕ್ಕಳನ್ನು ವಸತಿಗೃಹಗಳಲ್ಲಿಟ್ಟು ಹಗಲುರಾತ್ರಿ ದುಡಿಸುತ್ತಿದ್ದ ಪದ್ಧತಿ ಜಪಾನಿನ ಗಿರಣಿಗಳಲ್ಲಿ 1929ರವರೆಗೂ ನಡೆಯಿತು. ಅಗ್ಗದ ಬೆಲೆಯ ಗುಟ್ಟಿನಲ್ಲಿ ಆ ಹುಡುಗಿಯರ ನಿದ್ದೆಯ ಪಾಲೂ ಇದೆ. 1931ರ ಕೊನೆಗೆ ಯೆನ್ನಿನ ಬೆಲೆ ಕುಸಿದಾಗ ಜಪಾನಿ ಬಟ್ಟೆ ಮತ್ತಷ್ಟು ಸೋವಿಯಾಯಿತು. ಭಾರತ ಸರಕಾರ 1933ರಲ್ಲಿ ಬ್ರಿಟನ್ನಿನದಲ್ಲದ ಬಟ್ಟೆಯ ಮೇಲಿನ ಸುಂಕವನ್ನು ಶೇ. 75ಕ್ಕೆ ಏರಿಸಿತು. ಅದಕ್ಕೆ ಉತ್ತರವಾಗಿ ಜಪಾನಿನ ಗಿರಣಿಗಳು ನಮ್ಮ ಹತ್ತಿ ಕೊಳ್ಳುವುದನ್ನೇ ನಿಲ್ಲಿಸಿದವು. 1934ರ ಒಪ್ಪಂದದಲ್ಲಿ ಆದ ರಾಜಿ ವಿಚಿತ್ರ: ಜಪಾನು 10 ಲಕ್ಷ ಬೇಲು ಹತ್ತಿ ಕೊಂಡರೆ 32.5 ಕೋಟಿ ಗಜ ಬಟ್ಟೆ ಮಾರಬಹುದು. ಗಿರಣಿಯನ್ನು ಕಾಯುವ ಸುಂಕ ರೈತನ ಹತ್ತಿಗೆ ಗಿರಾಕಿಯನ್ನು ತಪ್ಪಿಸುತ್ತದೆ, ರೈತನಿಗೆ ಗಿರಾಕಿ ಬೇಕೆಂದರೆ ಗಿರಣಿ ಪೈಪೋಟಿ ತಾಳಬೇಕು ಎಂಬುದನ್ನು ಸರಕಾರವೇ ಕಾಗದದ ಮೇಲೆ ಒಪ್ಪಿಕೊಂಡಂತಾಯಿತು.

ಕೈಮಗ್ಗದವರ ಪಾಡು ಇನ್ನೂ ತೊಡಕಿನದು. ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಸಾಲಿಗಳು ಸೊಲ್ಲಾಪುರದ ಮಗ್ಗಗಳ ಜೀವಾಳ. ನೇಕಾರನಿಗೆ ಜಪಾನಿನ ಸೀರೆಬಟ್ಟೆ ಬೇಡ, ಅಗ್ಗದ ನೂಲು ಬೇಕು. ಇಳಕಲ್ಲಿನ ಕಡೆ ‘ಚಮಕಾ’ ಎಂದು ಕರೆಯುವ ಕೃತಕ ರೇಷ್ಮೆ ಸೀರೆಯ ದಡಿ, ಸೆರಗುಗಳಿಗೆ ಹೊಕ್ಕಿದ್ದು ಈ ಕಾಲದಲ್ಲೇ. ಆಗ ಹೊರಗಿನಿಂದ ಬರುತ್ತಿದ್ದ ಕೃತಕ ರೇಷ್ಮೆಯಲ್ಲಿ ಜಪಾನಿನದೇ ದೊಡ್ಡ ಪಾಲು. ನಾವು ಅಪ್ಪಟ ದೇಸಿ ಎಂದು ಮೆಚ್ಚುವ ಹಳೆಯ ಸೀರೆಯ ಹೊಳಪಿನಲ್ಲಿ ಆ ದೇಶದ ಎಳೆಯೂ ಇದ್ದೀತು.

ಹೀಗಿರುವಾಗ 1938ರಲ್ಲಿ ಕಾಂಗ್ರೆಸ್ಸು ಜಪಾನಿ ಸರಕನ್ನು ಬಹಿಷ್ಕರಿಸಿ ಎಂದಿತು. ಇದು ಚೀನದ ಮೇಲಿನ ದಾಳಿಗೆ ನೈತಿಕ ಉತ್ತರ, ಇದರಲ್ಲಿ ಅರಿವೆಯ ವ್ಯಾಪಾರವನ್ನು ಹುಡುಕುವುದು ಸಣ್ಣತನ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. 1905ರಲ್ಲಿ ರಷ್ಯವನ್ನು ಸೋಲಿಸಿದ ಜಪಾನನ್ನು ಕಂಡು ಹಿಗ್ಗಿದ್ದ ದೇಶವೇ ಈಗ ಮುಖ ತಿರುಗಿಸಿತು. ಯುದ್ಧವನ್ನು ಸಮರ್ಥಿಸಿ ಬರೆದ ಜಪಾನಿನ ಕವಿ ನೊಗುಚಿಗೆ ಟಾಗೋರರು ಅದೇ ವರ್ಷ ಖಡಕ್ಕಾಗಿಯೇ ಉತ್ತರಿಸಿದರು. ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಕೋಟ್ನೀಸರು ಉಳಿದ ನಾಲ್ವರು ವೈದ್ಯರೊಂದಿಗೆ ಆ ಸೆಪ್ಟೆಂಬರಿನಲ್ಲಿ ಚೀನಕ್ಕೆಂದು ಮುಂಬಯಿ ಬಿಟ್ಟರು. 1942ರ ಡಿಸೆಂಬರ್ 9ರಂದು, 32ರ ಹರೆಯದಲ್ಲಿ, ಉತ್ತರ ಚೀನದಲ್ಲೇ ತೀರಿಕೊಂಡರು. ಈ ಬಾಳಿಗೂ ಗಿರಣಿಯ ಲಾಭಕ್ಕೂ ಗಂಟು ಹಾಕಲು ಬಾರದು. ಆದರೆ ಬಹಿಷ್ಕಾರದ ಮಾತೇ ಬೇರೆ. ಒಂದೇ ಘೋಷಣೆ ಗಿರಣಿ ಮಾಲೀಕನಿಗೆ ಆದಾಯ, ಹತ್ತಿ ಬೆಳೆದವನಿಗೆ ನಷ್ಟ, ನೇಕಾರನಿಗೆ ನೂಲಿನ ಅಭಾವ. ನೀತಿ ಎಲ್ಲರಿಗೂ ಒಂದೇ ಇದ್ದರೂ ಅದರ ಬೆಲೆ ತೆತ್ತವರು ಎಲ್ಲರೂ ಅಲ್ಲ.

ಜಪಾನಿನ ಅಗ್ಗದ ಬಟ್ಟೆಯೇ ನಮ್ಮ ಗಿರಣಿಗಳಿಗೆ ಗಂಡಾಂತರವಾಗಿತ್ತಲ್ಲ, ಅದನ್ನು ಅಡ್ಡಗಟ್ಟಿದ್ದು ಸರಿಯಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಪೆಟ್ಟು ಬಿದ್ದದ್ದು ನಿಜ. ಆದರೆ ಕೈಮಗ್ಗಕ್ಕೆ ಪೆಟ್ಟು ಕೊಟ್ಟದ್ದರಲ್ಲಿ ಊರಿನ ಗಿರಣಿಯೂ ಹಿಂದೆ ಬಿದ್ದಿರಲಿಲ್ಲ. ಗಿರಣಿಯ ಕೇಡಿಗೂ ಹೊರಗಿನವರೊಬ್ಬರೇ ಕಾರಣರಲ್ಲ. ಯುದ್ಧದಲ್ಲಿ ಸೋತ ಜಪಾನು ಅಮೆರಿಕನ್ನರ ಆಡಳಿತದಲ್ಲಿದ್ದಾಗಲೇ, 1949ರಲ್ಲಿ, ಜುನಿ ಮಿಲ್ಲಿನ ಬಾಗಿಲು ಮುಚ್ಚಿತು. 1950ರ ಜನವರಿಯಲ್ಲಿ ಅದನ್ನು ಕೈಗೆ ತೆಗೆದುಕೊಳ್ಳಲು ಹೊರಡಿಸಿದ ಸುಗ್ರೀವಾಜ್ಞೆಯಲ್ಲಿ ಕೇಂದ್ರ ಸರಕಾರ ಕೊಟ್ಟ ಕಾರಣ ಕೆಟ್ಟ ಆಡಳಿತ ಮತ್ತು ಅಲಕ್ಷ್ಯ.