ಧೂಳಿನ ಬಣ್ಣದ ಕಥೆ

ಯುದ್ಧದಾಟದ ಮೇಜಿನ ಮೇಲಿನ ಟ್ಯಾಂಕು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಸುಮಾರು ಆರೂವರೆ ಮೀಟರ್ ಉದ್ದದ ಟಿ-55ರ ಒಡಲು 72ರಲ್ಲಿ ಒಂದು ಪಾಲಿಗೆ ಇಳಿದರೆ ಒಂಬತ್ತು ಸೆಂಟಿಮೀಟರ್. ಅದಕ್ಕೆ ಬಣ್ಣ ಬಳಿಯುವುದು ಅರ್ಧ ಕೆಲಸ. ಬಳಿದ ಬಣ್ಣವನ್ನು ಹಳತು ಮಾಡುವುದು ಉಳಿದರ್ಧ. ತೆಳುವಾದ ಕಂದು ಬಣ್ಣವನ್ನು ಸಂದುಗಳಿಗೆ ಹರಿಯಬಿಡಬೇಕು, ಒಣಗುತ್ತ ಬಂದ ಕುಂಚವನ್ನು ಅಂಚುಗಳ ಮೇಲೆ ಸವರಿ ಸವೆತ ತೋರಿಸಬೇಕು, ಕೊನೆಗೆ ಚಕ್ರಗಳ ಸುತ್ತ ಮಣ್ಣಿನ ಬಣ್ಣದ ಪುಡಿ ಹಚ್ಚಬೇಕು. ಹೀಗೆ ಧೂಳು ಹಿಡಿಸಿಕೊಳ್ಳುವ ಸೇನೆಯ ಬಣ್ಣದ ಹೆಸರೇ ಧೂಳು ಎಂಬುದೊಂದು ತಮಾಷೆ. ಪಾರಸಿಯ ‘ಖಾಕ್’ ಎಂದರೆ ಮಣ್ಣು, ಅದರಿಂದ ಖಾಕಿ.

ಖಾಕಿ ಹುಟ್ಟಿದ್ದು ಮಂಗಳೂರಿನಲ್ಲಿ ಎಂದು ನಮ್ಮಲ್ಲಿ ಅಭಿಮಾನದಿಂದ ಹೇಳುವುದುಂಟು. ಇದರಲ್ಲಿ ಎಷ್ಟು ನಿಜ? 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್, ನೇಯ್ಗೆ ಬಲ್ಲ ಜಾನ್ ಹಾಲರ್ ಅವರನ್ನು 1851ರಲ್ಲಿ ಕರೆಸಿಕೊಂಡಿತು. ಬಲ್ಮಠದ ನೇಯ್ಗೆ ಶಾಲೆಯಲ್ಲಿ ಅವರು ಯುರೋಪಿನ ಮಾದರಿಯ ಮಗ್ಗಗಳನ್ನು ಹೂಡಿದರು. ಗೇರು ಜಾತಿಯ ಮರದ ರಸದಿಂದ ಖಾಕಿ ಬಣ್ಣ ತೆಗೆದರೆಂಬುದು, ಆ ಬಟ್ಟೆಯನ್ನು ಮೊದಲು ಇಲ್ಲಿನ ಪೊಲೀಸರು ತೊಟ್ಟರೆಂಬುದು ಮಿಶನ್ನಿನ ಪರಂಪರೆಯ ಹೇಳಿಕೆ. ಆದರೆ ಪೇಶಾವರದಲ್ಲಿ 1846ರಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ದಳ ಅದಕ್ಕಿಂತ ಮೊದಲೇ ಮಣ್ಣುಬಣ್ಣ ತೊಟ್ಟಿತ್ತು. ಒಗೆದರೂ ಬಿಡದ ಖಾಕಿಗೆ ಇಂಗ್ಲೆಂಡಿನ ಗ್ಯಾಟಿ ಪೇಟೆಂಟ್ ಪಡೆದದ್ದು 1884ರಲ್ಲಿ. ಆದ್ದರಿಂದ ಬಣ್ಣದ ಕಲ್ಪನೆ ನಮ್ಮದಲ್ಲ. ಮಗ್ಗದಿಂದಲೇ ಖಾಕಿಯ ಥಾನು ಹೊರಡುವಂತೆ ಮಾಡಿದ ಮೊದಲ ಕಡೆಗಳಲ್ಲಿ ಬಲ್ಮಠ ಒಂದು ಎಂದರೆ ಸಾಕು. ಅದೇನು ಸಣ್ಣ ಮಾತಲ್ಲ. ಮುಂದೆ ಅದೇ ಖಾಕಿ ತೊಟ್ಟ ಸಾಮ್ರಾಜ್ಯ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಶತ್ರುಗಳೆಂದು ಬಗೆಯಿತು, ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಟ್ಯಾಂಕು ರಣರಂಗಕ್ಕೆ ಬಂದದ್ದೂ ಆ ಯುದ್ಧದಲ್ಲೇ, 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್‌ನಲ್ಲಿ. ಚಿತ್ರಕಾರ ಸಾಲೊಮನ್ ಜೆ. ಸಾಲೊಮನ್ ಅವುಗಳಿಗೆ ಹಲವು ಬಣ್ಣಗಳ ಮರೆವೇಷ ತೊಡಿಸಿದ್ದರು. ಕೆಸರಿನ ಮುಂದೆ ಅದು ನಿಲ್ಲಲಿಲ್ಲ. ಬಣ್ಣವೆಲ್ಲ ಮುಚ್ಚಿಹೋಗುತ್ತಿದ್ದುದರಿಂದ ಕೊನೆಗೆ ಒಂದೇ ಮಂಕು ಕಂದು ಬಣ್ಣ ಸಾಕೆನಿಸಿತು.

ಹಾಗಾಗಿ ಮಾದರಿಗೆ ಧೂಳು ಹಚ್ಚುವವನು ಮೊದಲು ಕೇಳಬೇಕಾದ್ದು, ಯಾವ ಊರಿನ ಮಣ್ಣು ಎಂದು. 1965ರ ಅಸಲ್ ಉತ್ತರ್ ಕಾಳಗದಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನೀರು ಹಾಯಿಸಿದ ಹೊಲಗಳಲ್ಲಿ ಹೂತುಹೋದವು. ಆ ಮಾದರಿಗೆ ಒದ್ದೆ ಕೆಸರು ಬೇಕು. 1971ರ ಲೋಂಗೇವಾಲಾಕ್ಕೆ ಮರುಭೂಮಿಯ ತಿಳಿ ಮರಳು. ನಮ್ಮ ಮುರಕಲ್ಲಿನ ಕೆಂಪು ಪುಡಿ ಕೈಗೆಟಕುವಂತಿದ್ದರೂ ಈ ಎರಡಕ್ಕೂ ಒಪ್ಪುವುದಿಲ್ಲ.