ಹೆಬ್ಬಾರರ ಗೆರೆ, ಚಂದ್ರಗುತ್ತಿಯ ದಾರಿ

ನಮ್ಮ ಓರಗಿತ್ತಿ ಮಗಳು ಚಿತ್ರಕಲೆ ಕಲೀಲಿಕ್ಕೆ ಸೇರಿದಾಗಿಂದ ಮನೇಲಿ ಒಂದೇ ಮಾತು: "ಅಲ್ಲಿ ಬೆತ್ತಲೆ ಹೆಂಗಸರನ್ನ ಎದುರಿಗೆ ಕೂರಿಸ್ಕೊಂಡು ಬರೀತಾರಂತೆ, ಇದೆಂತ ಓದು?"

ಇದು ಇವತ್ತಿಂದಲ್ಲ ಮಾರಾಯ್ರೆ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಅಂಥ ತರಗತಿ 1919ರ ಹೊತ್ತಿಗೇ ಶುರುವಾಗಿತ್ತು. ಉಡುಪಿ ಹತ್ರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಮೂವತ್ತರ ದಶಕದಲ್ಲಿ ಅಲ್ಲೇ ಕಲಿತು, ಆಮೇಲೆ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ಗೂ ಹೋದರು. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ 1897ರವರೆಗೆ ಹೆಂಗಸರನ್ನ ಸೇರಿಸ್ಕೊಳ್ತಿರಲಿಲ್ಲ. ಈ ಜೂಲಿಯನ್‌ನಲ್ಲಿ ಮಾತ್ರ ಅದಕ್ಕೂ ಮುಂಚೆಯೇ ಹೆಣ್ಮಕ್ಕಳೂ ಮೈ ನೋಡಿ ಬರೆಯೋದು ಕಲೀತಿದ್ರು. ಒಳಗಿನ ಮೈ ತಿಳೀದೆ ಮೇಲಿನ ಸೀರೆ ನೆರಿಗೆಯೂ ಸರಿಯಾಗಿ ಬೀಳಲ್ಲವಲ್ಲ.

ಹೆಬ್ಬಾರರು ಕಥಕ್ ಕಲಿತಿದ್ದರು, ಅದು ಅವರ ಗೆರೆಯಲ್ಲಿ ಗೊತ್ತಾಗ್ತದೆ. ಕುತ್ತಿಗೆಯಿಂದ ಹೊರಟ ಗೆರೆ ಬೆನ್ನು, ಸೊಂಟ ದಾಟಿ ಕಾಲಿಗೆ ಇಳೀತದೆ. ರಂಗೋಲಿ ಪುಡಿ ಬಿಡುವಾಗ ಕೈ ನಡುವೆ ನಿಂತ್ರೆ ಎಳೆ ದಪ್ಪಾಗ್ತದೆ ನೋಡಿ, ಅವರ ಕೈ ನಿಲ್ಲೋದೇ ಇಲ್ಲ. ನೆರಳಿಲ್ಲ, ಬಣ್ಣವಿಲ್ಲ. ನನಗಂತೂ ಅಸಹ್ಯ ಅನಿಸಲಿಲ್ಲ. ಶಿಕಾರಿಪುರದವರು ಬಳ್ಳಿಗಾವೆ ತ್ರಿಪುರಾಂತಕ ಗುಡಿಯ ಗೋಡೆ ಬುಡದಲ್ಲಿ ಇದಕ್ಕಿಂತ ಜಾಸ್ತಿ ಕಂಡವರೇ, ಬಾಯಿ ಬಿಡಲ್ಲ ಅಷ್ಟೆ!

ನನ್ನ ತಕರಾರು ಬೇರೆ. ಬರೆದವರ ಹೆಸರು ಚಿತ್ರದ ಮೂಲೆಯಲ್ಲಿರ್ತದೆ, ಕೂತವಳ ಹೆಸರು ಇರೋದು ಅಪರೂಪ. ಗಂಟೆಗಟ್ಟಲೆ ಅಲ್ಲಾಡದೆ ಕೂತು ಕೂಲಿ ತಗೊಂಡು ಹೋದವಳು. ಬಡತನವೇ ಕೂರಿಸಿರಬಹುದು. ಆದ್ರೂ ಅದು ಬಾಗಿಲು ಹಾಕಿದ ಕೋಣೆ, ಹೊತ್ತು ಮುಗಿದ ಮೇಲೆ ಬಟ್ಟೆ ಹಾಕ್ಕೊಂಡು ಮನೆಗೆ ಹೋಗ್ತಾಳೆ.

ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಆ ಬಾಗಿಲೂ ಇರಲಿಲ್ಲ. ಹರಕೆ ಹೊತ್ತವರು, ಹೆಚ್ಚಾಗಿ ದಲಿತ, ಹಿಂದುಳಿದ ಮನೆ ಹೆಂಗಸರು, ವರದಾ ನದಿಯಲ್ಲಿ ಮಿಂದು ಬೇವಿನ ಸೊಪ್ಪು ಹಿಡಿದು ಬೆತ್ತಲೆಯಾಗಿ ರೇಣುಕಾಂಬೆ ಗುಡ್ಡ ಹತ್ತಬೇಕು. ಹತ್ತದಿದ್ರೆ ದೇವಿ ಮುನೀತಾಳೆ ಅನ್ನೋ ಹೆದರಿಕೆ. ದಾರಿ ಪಕ್ಕದಲ್ಲಿ ನೋಡೋ ಗಂಡಸರು, ಕ್ಯಾಮೆರಾದವರು. 1986ರ ಮಾರ್ಚ್‌ನಲ್ಲಿ ಇದನ್ನ ಬಿಡಿಸಲಿಕ್ಕೆ ಹೋದ ದಲಿತ ಸಂಘಟನೆಯವರ ಮೇಲೂ ಪೊಲೀಸರ ಮೇಲೂ ಜನ ಬಿದ್ದರು. ಮಹಿಳಾ ಪೊಲೀಸರ ಬಟ್ಟೆಯನ್ನೂ ಕಿತ್ತರು. ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ಅವತ್ತು ತೆಗೆದ ಫೋಟೋಗಳಲ್ಲಿರೋ ಹೆಂಗಸರನ್ನ ಯಾರೂ ಒಂದು ಮಾತು ಕೇಳಿರಲಿಕ್ಕಿಲ್ಲ.