ಉತಾರದ ಪಾಸ್‌ವರ್ಡ್ ಯಾರ ಕೈಯಲ್ಲಿ?

ಆಫೀಸಿನಲ್ಲಿ ಹೊಸ ಪ್ರಾಜೆಕ್ಟ್ ಶುರುವಾದರೆ ಜಿರಾದಲ್ಲಿ ನಾವು ಮೊದಲು ಮಾಡೋ ಕೆಲಸ ಪರ್ಮಿಶನ್ ಹಂಚೋದು. ಯಾರು ನೋಡಬಹುದು, ಯಾರು ಬರೆಯಬಹುದು, ಯಾರು ಅಪ್ರೂವ್ ಮಾಡಬೇಕು, ಯಾರು ಯಾವಾಗ ಏನು ಬದಲಿಸಿದರು ಅನ್ನೋ ಲಾಗ್ ಎಲ್ಲಿರಬೇಕು... ಇದೆಲ್ಲ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ತಲೆನೋವು ಅಂತ ನಮ್ಮ ಟೀಮಿನವರ ನಂಬಿಕೆ. ನನಗೆ ಹಾಗನ್ನಿಸೋದಿಲ್ಲ. ನಮ್ಮ ಹುಕ್ಕೇರಿ ತಾಲೂಕಿನ ಘೋಡಗೇರಿಯಂಥ ಊರುಗಳಲ್ಲಿ ಇದು ಬಹಳ ಹಳೆಯ ಜಗಳ. ಅದರ ಹೆಸರು ಉತಾರ. (ದಕ್ಷಿಣದ ಗೆಳೆಯರಿಗೆ: ನೀವು ಪಹಣಿ ಅಂತೀರಲ್ಲ, ಅದೇ!)

ಬೆಳಗಾವಿ ಸೀಮೆ 1818ರಲ್ಲಿ ಪೇಶ್ವೆಗಳ ಕೈಯಿಂದ ಬ್ರಿಟಿಷರ ಕೈಗೆ ಬಂತು. ಅದಕ್ಕೂ ಮೊದಲಿನಿಂದ ಊರಿನ ಲೆಕ್ಕ ಇಡುತ್ತಿದ್ದವರು ಕುಲಕರ್ಣಿಗಳು. ಮೈಸೂರಿನ ಕಡೆಯ ಶಾನುಭೋಗರಿದ್ದ ಹಾಗೆ. ಕೆಲಸ ವಂಶಪಾರಂಪರ್ಯ, ಅದಕ್ಕೆ ವತನ ಅಂತ ಹೆಸರು. ಹಳೆಯ ದಫ್ತರಗಳ ಭಾಷೆ ಮರಾಠಿ, ಲಿಪಿ ಮೋಡಿ. ರೈತ ಆಡೋದು ಕನ್ನಡ. ತನ್ನ ಹೊಲದ ಬಗ್ಗೆ ಏನು ಬರೆದಿದೆ ಅಂತ ಅವನಿಗೆ ಕಾಣುತ್ತಿತ್ತು, ಆದರೆ ತಿಳಿಯುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ರೀಡ್, ರೈಟ್, ಅಡ್ಮಿನ್ ಮೂರೂ ಒಂದೇ ಮನೆಯಲ್ಲಿ, ಮೇಲಿಂದ ಎನ್‌ಕ್ರಿಪ್ಶನ್ ಬೇರೆ! ಒಳ್ಳೆಯ ಕುಲಕರ್ಣಿಗಳೂ ಇದ್ದರು. ಆದರೆ ಒಬ್ಬನ ಒಳ್ಳೆಯತನವನ್ನೇ ನಂಬಿ ನಿಂತ ವ್ಯವಸ್ಥೆಗೆ ವ್ಯವಸ್ಥೆ ಅನ್ನೋದು ಹೇಗೆ?

ಮುಂಬೈ ಸರ್ಕಾರ 1903ರಲ್ಲಿ ಹಕ್ಕುದಾಖಲೆಗೆ ಒಂದು ಕಾಯ್ದೆ ಮಾಡಿತು. ಮುಂದೆ ಅದರಿಂದ ಬೆಳೆದ ಪದ್ಧತಿ ನೋಡಿ. ಜಮೀನು ಕೈ ಬದಲಾದರೆ ಊರ ಅಧಿಕಾರಿಗೆ ವರದಿ ಕೊಡಬೇಕು. ಅವನು ಅದನ್ನು ಬದಲಾವಣೆಯ ರಿಜಿಸ್ಟರಿನಲ್ಲಿ ಬರೆದು, ಚಾವಡಿಯಲ್ಲಿ ನೋಟಿಸು ಹಚ್ಚಬೇಕು. ಯಾರದಾದರೂ ತಕರಾರು ಬಂದರೆ ಅದಕ್ಕೆ ಬೇರೆ ರಿಜಿಸ್ಟರು. ಕೊನೆಗೆ ಮೇಲಿನ ಅಧಿಕಾರಿ ಪರಿಶೀಲಿಸಿ ಸಹಿ ಹಾಕಿದ ಮೇಲೇ ಅದು ಖಾಯಂ. ಬರೆಯೋನು ಒಬ್ಬ, ಒಪ್ಪೋನು ಇನ್ನೊಬ್ಬ. ಜಿರಾದ ವರ್ಕ್‌ಫ್ಲೋ ಇದಕ್ಕಿಂತ ಬೇರೆ ಏನು ಹೇಳಿ?

1950ರ ಕಾಯ್ದೆ ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ಪಗಾರದ ತಲಾಟಿಗಳು ಬಂದರು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು, 1964ರ ಭೂಕಂದಾಯ ಕಾಯ್ದೆಯೂ ಇದೇ ಕ್ರಮವನ್ನು ಇಟ್ಟುಕೊಂಡಿತು. ಕಾಗದದ ಮೇಲೆ ಎಲ್ಲ ಚೆನ್ನ. ತೊಂದರೆ ಇದ್ದದ್ದು, ಅರ್ಜಿ ಎಲ್ಲಿ ನಿಂತಿದೆ ಅಂತ ರೈತನಿಗೆ ಕಾಣದೇ ಇದ್ದದ್ದರಲ್ಲಿ. ದಫ್ತರ ತಲಾಟಿಯ ಹತ್ತಿರ, ತಲಾಟಿ ಇವತ್ತು ಈ ಊರು ನಾಳೆ ಆ ಊರು. ಬೆಳೆಸಾಲಕ್ಕೆ ಉತಾರ ಬೇಕಂದರೆ ಕೈ ಬಿಸಿ ಮಾಡಬೇಕು ಅನ್ನೋದು ಇಡೀ ರಾಜ್ಯಕ್ಕೇ ಗೊತ್ತಿದ್ದ ಮಾತು.

ಆಮೇಲೆ ಬಂದದ್ದು 'ಭೂಮಿ'. 2000ದ ಸುಮಾರಿಗೆ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ. ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಇದ್ದ, 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆ ಕಂಪ್ಯೂಟರಿಗೆ ಹೋಯಿತು. 15 ರೂಪಾಯಿಗೆ ತಾಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ ಪ್ರತಿ. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು.

ನನಗೆ ಬಹಳ ಇಷ್ಟವಾಗೋದು ಅದರ ಮೂರು ಸಣ್ಣ ವಿವರ. ಒಂದು, ದಾಖಲೆ ತಿದ್ದೋ ಸಿಬ್ಬಂದಿ ಬರೀ ಪಾಸ್‌ವರ್ಡ್ ಅಲ್ಲ, ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು. 'ಅದು ನಾನು ಮಾಡಿದ್ದಲ್ಲ' ಅನ್ನೋ ಹಾಗಿಲ್ಲ. ಎರಡು, ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು. ಮೂರು, ರೈತನ ಕಡೆಗೆ ತಿರುಗಿಸಿಟ್ಟ ಇನ್ನೊಂದು ಪರದೆ. ಮೋಡಿ ಲಿಪಿಯಿಂದ ಆ ಪರದೆಯವರೆಗಿನ ದಾರಿ ಎಷ್ಟು ದೂರದ್ದು, ಯೋಚಿಸಿ.

ಹಾಗಂತ ಕಥೆ ಸುಖಾಂತ್ಯ ಅಲ್ಲ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ಅಧ್ಯಯನ ಮಾಡಿ ಬೇರೆಯೇ ಮಾತು ಹೇಳಿದರು. ಲಂಚ ನಿಂತಿಲ್ಲ, ದಾಖಲೆ ಹಳ್ಳಿಯಿಂದ ಮೇಲಕ್ಕೆ ಹೋದದ್ದು ದೊಡ್ಡ ದೊಡ್ಡ ಜಮೀನು ಖರೀದಿದಾರರಿಗೇ ಅನುಕೂಲವಾಯಿತು ಅಂತ. ಓದೋ ಹಕ್ಕು ಎಲ್ಲರಿಗೂ ಒಂದೇ. ಆದರೆ ಓದಿದ್ದನ್ನು ಬಳಸಿಕೊಳ್ಳೋ ಶಕ್ತಿ ಒಂದೇ ಅಲ್ಲವಲ್ಲ!

ಈಗ ಸರ್ವೆ ನಂಬರ್ ಗೊತ್ತಿದ್ದರೆ ಯಾರ ಪಹಣಿಯನ್ನಾದರೂ ಮನೆಯಲ್ಲೇ ಕೂತು ನೋಡಬಹುದು. 9ನೇ ಕಾಲಂನಲ್ಲಿ ಹೆಸರು, 11ರಲ್ಲಿ ಸಾಲದ ಬೋಜಾ. ಜಮೀನಿನ ಒಡೆಯ ಯಾರು ಅಂತ ಊರಿಗೆ ಗೊತ್ತಿರಬೇಕು, ಅದು ನ್ಯಾಯ. ಮೋಸದ ಮಾರಾಟ ತಪ್ಪುತ್ತದೆ. ಆದರೆ ಎಲ್ಲಿಗೆ ನಿಲ್ಲಿಸಬೇಕು? 2023ರಲ್ಲಿ ಆಸ್ತಿ ನೋಂದಣಿಯ 'ಕಾವೇರಿ' ಜಾಲತಾಣದಿಂದ ಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಆಧಾರ್ ಪಾವತಿ ಮೂಲಕ ಜನರ ಖಾತೆಯಿಂದ ದುಡ್ಡು ಎಗರಿಸಿದ ಪ್ರಕರಣಗಳು ಬೆಂಗಳೂರಿನಲ್ಲಿ ಬಯಲಾದವು. ಆಮೇಲೆ ಬೆರಳಚ್ಚು ಕಾಣದಂತೆ ಮುಚ್ಚಲು ಸರ್ಕಾರ ಮುಂದಾಯಿತು. 'ಭೂಮಿ'ಯಲ್ಲಿ ಬೆರಳು ಬೀಗ ಕಾದಿತ್ತು. ಇಲ್ಲಿ ಕೀಲಿಯನ್ನೇ ಬಾಗಿಲಿಗೆ ತೂಗುಹಾಕಿದ ಹಾಗಾಯಿತು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆರಳು?

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮವರೇ.

ಈ ಇತಿಹಾಸದಿಂದ ನನಗೆ ತಿಳಿದದ್ದು ಇಷ್ಟು. 'ಎಲ್ಲ ಮುಚ್ಚಿಡಿ' ಅನ್ನೋದೂ 'ಎಲ್ಲ ತೆರೆದಿಡಿ' ಅನ್ನೋದೂ ಸೋಮಾರಿಗಳ ಉತ್ತರ. ಮೊದಲನೆಯದು ಕುಲಕರ್ಣಿಯ ಕಾಲಕ್ಕೆ ಒಯ್ಯುತ್ತದೆ, ಎರಡನೆಯದು ಹೆಬ್ಬೆಟ್ಟು ಕಳ್ಳರ ಹತ್ತಿರ. ಯಾವ ಕಾಲಂ ಯಾರಿಗೆ ಅಂತ ಒಂದೊಂದಾಗಿ ಕೂತು ತೀರ್ಮಾನಿಸಬೇಕು, ಮತ್ತು ಆ ತೀರ್ಮಾನ ಮಾಡುವಾಗ ಹೊಲದ ಒಡೆಯನೂ ಅಲ್ಲಿರಬೇಕು.

ಪಹಣಿಯ 11ನೇ ಕಾಲಂ, ಅಂದರೆ ನಿಮ್ಮಪ್ಪನ ಬೆಳೆಸಾಲ, ಊರಿಗೆಲ್ಲ ಕಾಣಬೇಕಾ? ನೀವೇನಂತೀರಿ?